ಬಯಾಂವ್ ದಿ ದೋಯಿಸ್: ಅಲಸಂದೆ ಮತ್ತು ಅಕ್ಕಿಯ ಬ್ರೆಜಿಲ್ ಅಡುಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿರುವ ಸಿಯಾರಾ ರಾಜ್ಯದಲ್ಲಿ ಕೆಲಸದ ನಿಮಿತ್ತ ಎರಡು ವರ್ಷ ಇದ್ದೆ. ಮರಳಿ ಬಂದ ಮೇಲೆ ನಮ್ಮ ಮನೆಯಲ್ಲಿ ತಿಂಗಳಿಗೆ ಒಮ್ಮೆಯಾದರೂ ಈ ಅಡುಗೆ ಆಗುತ್ತದೆ. ತಿಂದವರು, ಮಾಡಿ ನೋಡಿದವರು, ಮಾಡಿ ಕೆಡಿಸಿಕೊಂಡು ಫೋನ್ ಮಾಡಿದವರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಇದು ಎಂಥ ಅಡುಗೆ?

ಅಲಸಂದೆ ಕಾಳನ್ನು ಬೇಯಿಸಿ, ಆ ಕಾಳು ಬೆಂದ ಕಟ್ಟಿನಲ್ಲಿಯೇ ಅಕ್ಕಿಯನ್ನು ಬೇಯಿಸಿ, ಕೊನೆಯಲ್ಲಿ ಚೀಸ್ ತುಂಡು, ಬೆಣ್ಣೆ, ಕೊತ್ತಂಬರಿ ಸೊಪ್ಪು ಸೇರಿಸುವ ಒಂದೇ ಪಾತ್ರೆಯ ಊಟ. ಕೆಲವರು ಉದುರುದುರಾಗಿ ಮಾಡುತ್ತಾರೆ, ಕೆಲವರು ಸೌಟಿನಿಂದ ಸುರಿಯುವಷ್ಟು ತೆಳ್ಳಗೆ. ಸಿಯಾರಾದವರಿಗೆ ಇದು ಹಬ್ಬದ ಅಡುಗೆಯೂ ಹೌದು, ಮಂಗಳವಾರ ಮಧ್ಯಾಹ್ನದ ಅಡುಗೆಯೂ ಹೌದು.

ಹೆಸರಿನ ಅರ್ಥ ಏನು?

'ಬಯಾಂವ್' ಎಂದರೆ ಆ ಸೀಮೆಯ ಒಂದು ಕುಣಿತ, ಅದರ ತಾಳ. ಅಕಾರ್ಡಿಯನ್, ಜಬುಂಬಾ ಎಂಬ ದೊಡ್ಡ ಚರ್ಮವಾದ್ಯ, ಕಬ್ಬಿಣದ ತ್ರಿಕೋನ, ಈ ಮೂರೇ ಅದಕ್ಕೆ ಸಾಕು. 'ದೋಯಿಸ್' ಎಂದರೆ ಎರಡು. ಹಾಗಾಗಿ ಇದು ಇಬ್ಬರು ಕೂಡಿ ಕುಣಿಯುವ ಬಯಾಂವ್. ಕುಣಿಯುವ ಇಬ್ಬರು ಕಾಳು ಮತ್ತು ಅಕ್ಕಿ. ಈ ತಾಳವನ್ನು 1940ರ ದಶಕದಲ್ಲಿ ಇಡೀ ಬ್ರೆಜಿಲ್‌ಗೆ ಮುಟ್ಟಿಸಿದವರು ಪೆರ್ನಾಂಬುಕು ರಾಜ್ಯದ ಎಶು ಊರಿನಲ್ಲಿ 1912ರಲ್ಲಿ ಹುಟ್ಟಿದ ಗಾಯಕ ಲುಯಿಜ್ ಗೊಂಜಾಗಾ ಮತ್ತು ಅವರ ಜೊತೆಗಾರ, ಸಿಯಾರಾದ ಇಗುವಾತು ಊರಿನ ಉಂಬೆರ್ತು ತೇಶೇರಾ. ಕೂಲಿ ಅರಸಿ ದಕ್ಷಿಣದ ದೊಡ್ಡ ನಗರಗಳಿಗೆ ಹೋಗಿದ್ದ ಈಶಾನ್ಯದ ಜನರಿಗೆ ರೇಡಿಯೋದಲ್ಲಿ ಆ ತಾಳ ಕೇಳಿದರೆ ಊರು ನೆನಪಾಗುತ್ತಿತ್ತು. ಈ ಅಡುಗೆಯ ವಾಸನೆಗೂ ಅದೇ ಶಕ್ತಿ ಇದೆ.

ಯಾವ ಕಾಳು ಬೇಕು? ರಾಜ್ಮಾ ಹಾಕಬಹುದೇ?

ನಮ್ಮ ಓದುಗರಿಗೆ ಸಂತೋಷದ ಸುದ್ದಿ ಇರುವುದು ಇಲ್ಲಿಯೇ. ಸಿಯಾರಾದ ಮಂದಿ 'ಫೇಜಾಂವ್ ದಿ ಕೋರ್ದಾ', ಅಂದರೆ ಹಗ್ಗದ ಕಾಳು ಎಂದು ಕರೆಯುವುದು ಬೇರೆ ಯಾವುದನ್ನೂ ಅಲ್ಲ, ನಮ್ಮ ಅಲಸಂದೆಯನ್ನೇ. ಹಳೆ ಮೈಸೂರಿನ ಕಡೆ ತಡಗಣಿ ಎನ್ನುವುದೂ ಇದೇ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ, ವಿಗ್ನಾ ಉಂಗ್ವಿಕುಲಾಟಾ. ಇದರ ತವರು ಆಫ್ರಿಕಾ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದಿತು. ಬ್ರೆಜಿಲ್‌ಗೆ ಹೋದದ್ದು ಬಹಳ ತಡವಾಗಿ, ಪೋರ್ಚುಗೀಸರ ಹಡಗುಗಳಲ್ಲಿ, ಗುಲಾಮರನ್ನು ಸಾಗಿಸಿದ ಅದೇ ಕಡಲ ದಾರಿಯಲ್ಲಿ. ಮಳೆ ಕಡಿಮೆಯಾದರೂ, ಮಣ್ಣು ಮರಳಾದರೂ ಬೆಳೆಯುವ ಕಾಳು. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದು ನೆಲಕ್ಕೆ ಕೊಡುವ ಗುಣವೂ ಇದೆ. ನಮ್ಮ ಬಯಲುಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಎರಡು ಬಗೆಯಲ್ಲಿ ಸಿಗುತ್ತದೆ: ಒಣಗಿದ ಕಾಳು ಮತ್ತು 'ಫೇಜಾಂವ್ ವೆರ್ದಿ' ಎಂಬ ಹಸಿ ಕಾಳು. ಮಳೆ ಹಿಡಿದ ತಿಂಗಳುಗಳಲ್ಲಿ ಫೋರ್ಟಲೇಜಾ ನಗರದ ಸಂತೆಯಲ್ಲಿ ಹೆಂಗಸರು ಮಡಿಲಿನಲ್ಲಿ ಕಾಯಿ ರಾಶಿ ಹಾಕಿಕೊಂಡು, ನಮ್ಮಲ್ಲಿ ಅವರೆಕಾಯಿ ಸುಲಿಯುವ ಹಾಗೆಯೇ ಮಾತಾಡುತ್ತಾ ಸುಲಿಯುತ್ತಿರುತ್ತಾರೆ. ಬೆರಳ ತುದಿ ಹಸಿರಾಗಿರುತ್ತದೆ. ಹಸಿ ಕಾಳಿನಲ್ಲಿ ಮಾಡಿದ ಬಯಾಂವ್‌ಗೆ ಸಮನಾದುದು ಇಲ್ಲ. ಇಲ್ಲಿ ಸಂತೆಯಲ್ಲಿ ಬಲಿತ ಹಸಿ ಅಲಸಂದೆ ಕಾಯಿ ಕಂಡರೆ ಬಿಡಬೇಡಿ. ನೆನೆಸುವ ಕೆಲಸವೇ ಇಲ್ಲ, ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ.

ರಾಜ್ಮಾ ಹಾಕಿದರೆ ಊಟವಾಗುತ್ತದೆ, ಆದರೆ ಅದು ಬಯಾಂವ್ ಅಲ್ಲ. ಹಾಕಲೇಬೇಕೆಂದಿದ್ದರೆ ಎಚ್ಚರ: ಸರಿಯಾಗಿ ಬೇಯದ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇರುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಮೆತ್ತಗಾಗುವವರೆಗೂ ಬೇಯಿಸಿ.

ಕಾಳು ಬೆಂದ ನೀರನ್ನು ಬಸಿಯಬಾರದೇ? ನಾವು ಸಾರಿಗೆ ಬಸಿಯುತ್ತೇವಲ್ಲ?

ಬಸಿಯಬಾರದು. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಾನು ಬಾಡಿಗೆಗೆ ಇದ್ದ ಮನೆಯ ಒಡತಿ ಎಪ್ಪತ್ತು ದಾಟಿದ ಹೆಂಗಸು. ಅಲ್ಲಿ ಹಿರಿಯ ಹೆಂಗಸರನ್ನು 'ದೋನಾ' ಎಂದು ಸೇರಿಸಿ ಕರೆಯುತ್ತಾರೆ, ನಾವು 'ಅಮ್ಮಾ' ಎನ್ನುವಂತೆ. ಮೊದಲ ಸಲ ಅವರ ಅಡುಗೆಮನೆಯಲ್ಲಿ ಕೈಜೋಡಿಸಿದಾಗ, ಬೆಂದ ಕಾಳನ್ನು ನಾನು ಅಭ್ಯಾಸಬಲದಿಂದ ಜರಡಿಗೆ ಸುರಿಯಲು ಹೊರಟೆ. ಕೆಳಗೆ ಪಾತ್ರೆಯನ್ನೂ ಇಟ್ಟಿರಲಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಮಗಳೇ, ಕಾಳಿನ ಜೀವ ಹೋಗುತ್ತದೆ" ಎಂದರು. ಆಮೇಲೆ ಒಂದು ಚಮಚೆ ಕಟ್ಟನ್ನು ನನ್ನ ಅಂಗೈಗೆ ಹನಿಸಿ ನೆಕ್ಕಲು ಹೇಳಿದರು. ತಿಳಿ ಕಂದು ಬಣ್ಣ, ಕೊಂಚ ಅಂಟು, ಮಣ್ಣಿನ ಸಿಹಿ. ಉಪ್ಪು ಕೂಡ ಬಿದ್ದಿರಲಿಲ್ಲ, ಆದರೂ ಅದರಲ್ಲಿ ರುಚಿ ತುಂಬಿತ್ತು.

ಕಾಳಿನ ಸಿಪ್ಪೆಯ ಬಣ್ಣ, ಬಿಟ್ಟುಕೊಂಡ ಗಂಜಿ, ಕರಗಿದ ಪ್ರೋಟೀನು ಎಲ್ಲವೂ ಆ ಕಟ್ಟಿನಲ್ಲಿ ಇರುತ್ತದೆ. ಅಕ್ಕಿ ಅದನ್ನು ಕುಡಿದು ಅರಳಿದಾಗ ಮಾತ್ರ ಎರಡೂ ಒಂದೇ ಅಡುಗೆಯಾಗುತ್ತವೆ. ಅನ್ನ ಬೇರೆ, ಕಾಳು ಬೇರೆ ಬೇಯಿಸಿ ಕೊನೆಗೆ ಕಲಸಿದರೆ ಅದು ಕಾಳು ಕಲಸಿದ ಅನ್ನ ಅಷ್ಟೇ. ನೋಡಲು ಒಂದೇ ರೀತಿ ಕಂಡೀತು. ಮೊದಲ ತುತ್ತಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಬಸ್ಸಾರು ಉಂಡು ಬೆಳೆದ ನಮಗೆ ಕಟ್ಟಿನ ಬೆಲೆ ಗೊತ್ತಿದೆ. ನಾವು ಅದನ್ನು ಬಸಿದು ಸಾರು ಮಾಡುತ್ತೇವೆ, ಅವರು ಅದನ್ನು ಅಕ್ಕಿಗೆ ಕುಡಿಸುತ್ತಾರೆ.

ಚೆಲ್ಲಬೇಕಾದದ್ದು ನೆನೆಸಿದ ನೀರನ್ನು ಮಾತ್ರ. ಈ ಎರಡು ನೀರುಗಳನ್ನು ಗೊಂದಲ ಮಾಡಿಕೊಂಡವರು ಬಹಳ.

ಅಳತೆ ಮತ್ತು ವಿಧಾನ ಹೇಳಿ.

ನಾಲ್ಕು ಜನರಿಗೆ: ಒಣ ಅಲಸಂದೆ 1 ಲೋಟ, ಅಕ್ಕಿ ಒಂದೂವರೆ ಲೋಟ, ದೊಡ್ಡ ಈರುಳ್ಳಿ 1, ಬೆಳ್ಳುಳ್ಳಿ 6 ಎಸಳು, ಟೊಮೆಟೊ 1, ದೊಣ್ಣೆ ಮೆಣಸಿನಕಾಯಿ ಅರ್ಧ, ತುಪ್ಪ 3 ದೊಡ್ಡ ಚಮಚ, ಪನೀರ್ ಅಥವಾ ಗಟ್ಟಿ ಚೀಸ್ 200 ಗ್ರಾಂ, ಕೊತ್ತಂಬರಿ ಸೊಪ್ಪು ಒಂದು ದೊಡ್ಡ ಹಿಡಿ, ಈರುಳ್ಳಿ ಹೂವಿನ ಎಲೆ ಸಿಕ್ಕರೆ ಸ್ವಲ್ಪ, ಉಪ್ಪು.

ಕಾಳನ್ನು ನಾಲ್ಕೈದು ಗಂಟೆ ನೆನೆಸಿ. ನೆನೆಸಿದ ನೀರು ಚೆಲ್ಲಿ, 6 ಲೋಟ ಹೊಸ ನೀರು ಹಾಕಿ ಬೇಯಲು ಇಡಿ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಕಾಗಬಹುದು. ಬೆರಳಲ್ಲಿ ಒತ್ತಿದರೆ ಕಾಳು ಹಿಸುಕಬೇಕು, ಆದರೆ ಸಿಪ್ಪೆ ಬಿಟ್ಟು ಒಡೆದಿರಬಾರದು. ಇನ್ನೂ ಒಂದು ಸುತ್ತು ಅಕ್ಕಿಯ ಜೊತೆ ಬೇಯುವುದು ಬಾಕಿ ಇದೆ. ಈಗ ಕಟ್ಟನ್ನು ಒಂದು ಪಾತ್ರೆಗೆ ಇಳಿಸಿ ಲೋಟದಲ್ಲಿ ಅಳೆಯಿರಿ. ಉದುರಾಗಿ ಬೇಕಿದ್ದರೆ 3 ಲೋಟ, ತೆಳ್ಳಗೆ ಬೇಕಿದ್ದರೆ 5 ಲೋಟ ಇರಬೇಕು. ಕಡಿಮೆ ಬಿದ್ದರೆ ಬಿಸಿನೀರು ಸೇರಿಸಿ.

ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ ಬಾಡಿಸಿ. ಬೆಳ್ಳುಳ್ಳಿ ಕೆಂಪಾಗುವ ಮುನ್ನ ದೊಣ್ಣೆ ಮೆಣಸು, ಟೊಮೆಟೊ ಹಾಕಿ. ಟೊಮೆಟೊ ಕರಗಿದ ಮೇಲೆ ತೊಳೆದು ನೀರು ಸೋರಿಸಿದ ಅಕ್ಕಿ ಹಾಕಿ ಎರಡು ನಿಮಿಷ ಹುರಿಯಿರಿ. ಕಾಳು, ಅಳೆದ ಕಟ್ಟು, ಉಪ್ಪು ಸೇರಿಸಿ. ಕಟ್ಟು ಒಮ್ಮೆ ಕುದಿ ಬಂದ ಕೂಡಲೇ ಉರಿ ಸಣ್ಣಗೆ ಮಾಡಿ, ಮುಚ್ಚಳ ಮುಚ್ಚಿ. ಹದಿನೈದು ನಿಮಿಷ ಕೈಹಾಕಬೇಡಿ. ಅನ್ನದ ಮೇಲೆ ಸಣ್ಣ ಸಣ್ಣ ತೂತುಗಳು ಕಂಡು, ನೀರು ಇಂಗಿದ ಸದ್ದು ಕೇಳಿದಾಗ ಚೀಸ್ ತುಂಡು, ಹೆಚ್ಚಿದ ಕೊತ್ತಂಬರಿ, ಉಳಿದ ತುಪ್ಪ ಮೇಲಿನಿಂದ ಹಾಕಿ, ಒಲೆ ಆರಿಸಿ, ಮತ್ತೆ ಮುಚ್ಚಿ ಹತ್ತು ನಿಮಿಷ ಬಿಡಿ. ತೆಳ್ಳಗಿನದಾದರೆ ನೀರು ಇಂಗಲು ಕಾಯಬೇಡಿ. ಅಕ್ಕಿ ಬೆಂದಿತು ಎನ್ನಿಸಿದಾಗಲೇ ಇವನ್ನು ಸೇರಿಸಿ. ಬಡಿಸುವ ಮೊದಲು ಅಗಲ ಸೌಟಿನಿಂದ ತಳದಿಂದ ಮೇಲಕ್ಕೆ ಒಂದೆರಡು ಸಲ ಮಗುಚಿ. ಕಲಸಬೇಡಿ.

ಉದುರೋ, ತೆಳ್ಳಗೋ? ಯಾವುದು ಸರಿ?

ಎರಡೂ ಸರಿ. ಇದರ ಬಗ್ಗೆ ಸಿಯಾರಾದ ಒಂದೇ ಮನೆಯಲ್ಲಿ ಎರಡು ಪಕ್ಷಗಳಿರುತ್ತವೆ. ತೆಳ್ಳಗಿನ ಬಯಾಂವ್‌ಗೆ ಹಾಲಿನ ಕೆನೆಯನ್ನೂ ಸೇರಿಸುತ್ತಾರೆ. ಪಕ್ಕದ ಪರಾಯಿಬಾ ರಾಜ್ಯದಲ್ಲಿ 'ಹುಬಕಾಂವ್' ಎಂಬ ತಮ್ಮದೇ ಅಡುಗೆ ಇದೆ. ಅದೂ ಅಲಸಂದೆ, ಅಕ್ಕಿ, ಚೀಸ್, ಒಣ ಮಾಂಸದ್ದೇ, ಆದರೆ ಯಾವಾಗಲೂ ಹಸಿಯಾಗಿ, ಚಮಚದಲ್ಲಿ ತಿನ್ನುವ ಹದಕ್ಕೆ. ನನ್ನ ಒಲವು ತೆಳ್ಳಗಿನ ಕಡೆಗೆ. ಮಳೆಯ ಸಂಜೆ ಬಟ್ಟಲಿನಲ್ಲಿ ಹಾಕಿಕೊಂಡು ಕುಳಿತರೆ ಬೇರೆ ಏನೂ ಬೇಡ ಎನ್ನಿಸುತ್ತದೆ.

ಯಾವ ಅಕ್ಕಿ?

ಅಲ್ಲಿ ಸಾಮಾನ್ಯವಾಗಿ ಉದ್ದ ಕಾಳಿನ ಬಿಳಿ ಅಕ್ಕಿ. ನಮ್ಮಲ್ಲಿ ಹಳೆಯ ಸೋನಾ ಮಸೂರಿ ಚೆನ್ನಾಗಿ ಹೊಂದುತ್ತದೆ. ಹೊಸ ಅಕ್ಕಿ ಅಂಟುತ್ತದೆ. ಬಾಸ್ಮತಿ ಬೇಡ, ಅದರ ಪರಿಮಳ ಕಾಳಿನ ಮೇಲೆ ಸವಾರಿ ಮಾಡುತ್ತದೆ. ಪರಾಯಿಬಾದ ಪಿಯಾಂಕೊ ಕಣಿವೆಯಲ್ಲಿ ಕೆಂಪಕ್ಕಿ ಬೆಳೆಯುತ್ತಾರೆ, ಅಲ್ಲಿಯ ಹಳೆಯ ಮನೆಗಳಲ್ಲಿ ಇಂತಹ ಅಡುಗೆಗೆ ಅದೇ ಅಕ್ಕಿ. ನಿಮ್ಮ ಮನೆಯಲ್ಲಿ ಕೆಂಪಕ್ಕಿ ಇದ್ದರೆ ಧೈರ್ಯವಾಗಿ ಹಾಕಿ, ಕಟ್ಟು ಒಂದು ಲೋಟ ಹೆಚ್ಚಿಗೆ, ಸಮಯ ಇನ್ನೂ ಕಾಲು ಗಂಟೆ ಹೆಚ್ಚಿಗೆ.

ಅಲ್ಲಿಯ ಚೀಸ್ ಸಿಗುವುದಿಲ್ಲ. ಪನೀರ್ ನಡೆಯುತ್ತದೆಯೇ?

ನಡೆಯುತ್ತದೆ, ಸ್ವಲ್ಪ ಉಪಚಾರ ಮಾಡಿದರೆ. ಅಲ್ಲಿಯದು 'ಕೇಜು ಕ್ವಾಲ್ಯು'. ಹಾಲಿಗೆ ಹುಳಿ ಹಿಂಡಿ ಒಡೆಸಿದ್ದಲ್ಲ, ರೆನೆಟ್ ಎಂಬ ಕಿಣ್ವ ಹಾಕಿ ಹೆಪ್ಪುಗಟ್ಟಿಸಿ, ಒತ್ತಿ, ಉಪ್ಪು ಸೇರಿಸಿದ್ದು. ಬಿಸಿಗೆ ಕರಗಿ ಹರಿಯುವುದಿಲ್ಲ, ಮೆತ್ತಗಾಗಿ ಅಂಚು ದುಂಡಗಾಗುತ್ತದೆ, ಕಚ್ಚಿದರೆ ಹಲ್ಲಿನ ನಡುವೆ ಕಿರ್ ಎನ್ನುತ್ತದೆ. ಕಡಲ ದಂಡೆಯಲ್ಲಿ ಹುಡುಗರು ಇದನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು ಮಾರುತ್ತಾರೆ. ಸಿಯಾರಾದ ಜಗ್ವಾರಿಬಿ ಪ್ರದೇಶ ಇದಕ್ಕೆ ಹೆಸರುವಾಸಿ.

ಪನೀರ್‌ನಲ್ಲಿ ಉಪ್ಪಿಲ್ಲ. ಆದ್ದರಿಂದ ತುಂಡು ಮಾಡಿ ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಒರೆಸಿ, ತವೆಯಲ್ಲಿ ಎರಡು ಕಡೆ ಕೆಂಪಗೆ ಮಾಡಿ ಹಾಕಿ. ಹೊರದೇಶದಲ್ಲಿ ಇರುವವರಿಗೆ ಹಲೂಮಿ ಎಂಬ ಚೀಸ್ ಸಿಕ್ಕರೆ ಅದು ಪನೀರ್‌ಗಿಂತ ಹತ್ತಿರ. ಪಿಜ್ಜಾಕ್ಕೆ ಹಾಕುವ ಎಳೆ ಎಳೆಯಾಗುವ ಚೀಸ್ ಬೇಡ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಬ್ರೆಜಿಲ್‌ನ ಹಾಲಿನ ದನಗಳಲ್ಲಿ ದೊಡ್ಡ ಪಾಲು ಗಿರೊಲಾಂಡೊ ತಳಿ: ನಮ್ಮ ಗುಜರಾತಿನ ಗಿರ್ ಮತ್ತು ಯುರೋಪಿನ ಹೋಲ್ಸ್ಟೀನ್ ಸೇರಿದ್ದು. ಬಿಸಿಲು ತಡೆದುಕೊಳ್ಳಲಿ ಎಂದು ಭಾರತದಿಂದ ಒಯ್ದ ದನಗಳು ಆ ಗಿರ್. ಸಿಯಾರಾದ ಹಳ್ಳಿದಾರಿಯಲ್ಲಿ ಭುಜದ ಮೇಲೆ ಹಿಣಿಲಿರುವ, ಜೋಲು ಕಿವಿಯ ಹಸು ಎದುರಾದಾಗ ನನಗೆ ಗಂಟಲು ಕಟ್ಟಿತ್ತು.

'ಬಾಟಲಿ ಬೆಣ್ಣೆ' ಎಂದರೆ ತುಪ್ಪವೇ?

ಬಹುಮಟ್ಟಿಗೆ ಹೌದು. ಅಲ್ಲಿ ಈ ಅಡುಗೆಗೆ ಹಾಕುವ ಬೆಣ್ಣೆ ಇದು. ಕೆನೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ನೀರೆಲ್ಲ ಇಂಗಿಸಿ ಬಾಟಲಿಗೆ ತುಂಬುತ್ತಾರೆ. ಅಲ್ಲಿಯ ಸೆಕೆಯಲ್ಲಿ ಸದಾ ದ್ರವವಾಗಿಯೇ ಇರುತ್ತದೆ, ಹೊರಗಿಟ್ಟರೂ ಕೆಡುವುದಿಲ್ಲ. ಹೆಪ್ಪು ಹಾಕಿ ಕಡೆದ ಬೆಣ್ಣೆಯ ನಮ್ಮ ತುಪ್ಪಕ್ಕೆ ಘಮ ಹೆಚ್ಚು. ತುಸು ಕಂದಾಗುವವರೆಗೆ ಕಾಯಿಸಿದ ಮನೆಯ ತುಪ್ಪ ಹಾಕಿದರೆ ನನ್ನ ಮಟ್ಟಿಗೆ ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ.

ಮಾಂಸ ಇಲ್ಲದೆ ಮಾಡಿದರೆ ಅಪಚಾರವೇ?

ಖಂಡಿತ ಅಲ್ಲ. ಕಾಳು, ಅಕ್ಕಿ, ಚೀಸ್ ಇಷ್ಟೇ ಇರುವ ಬಯಾಂವ್ ಅಲ್ಲಿ ಎಲ್ಲೆಡೆ ಇದೆ. ಅನುಕೂಲ ಇದ್ದವರು ಹಂದಿಯ ಕೊಬ್ಬಿನ ತುಂಡು ಅಥವಾ 'ಕಾರ್ನಿ ದಿ ಸೋಲ್' ಸೇರಿಸುತ್ತಾರೆ. ಅದರ ಹೆಸರಿನಲ್ಲಿ ಬಿಸಿಲು ಇದ್ದರೂ ಆ ದನದ ಮಾಂಸವನ್ನು ತೆಳುವಾಗಿ ಉಪ್ಪು ಸವರಿ ಹೆಚ್ಚಾಗಿ ನೆರಳಿನಲ್ಲಿ, ಗಾಳಿಗೆ ಆರಿಸುತ್ತಾರೆ. ಕೆಲವರು ಅದನ್ನು ಪಾತ್ರೆಗೆ ಹಾಕದೆ ಬದಿಯಲ್ಲಿ ಬಡಿಸುತ್ತಾರೆ.

ಮಸಾಲೆ ಯಾವುದು? ಖಾರ ಇಲ್ಲವೇ?

ಖಾರ ಬಹಳ ಕಡಿಮೆ. 'ಪಿಮೆಂತಾ ದಿ ಶೇರು' ಎಂಬ ಪರಿಮಳದ ಮೆಣಸಿನಕಾಯಿ ಹಾಕುತ್ತಾರೆ, ಅದರಲ್ಲಿ ಘಮ ಇದೆ, ಉರಿ ಇಲ್ಲ. ಬೀಜ ತೆಗೆದ ಹಸಿಮೆಣಸು ಒಂದನ್ನು ಸೀಳಿ ಹಾಕಿ ಕೊನೆಗೆ ಎತ್ತಿಬಿಡಿ. ಈಶಾನ್ಯದವರಿಗೆ ಜೀರಿಗೆ ಇಷ್ಟ, ಕಾಲು ಚಮಚ ಪುಡಿ ತಪ್ಪಲ್ಲ. ಕೊತ್ತಂಬರಿ ಸೊಪ್ಪು ಮಾತ್ರ ಧಾರಾಳವಾಗಿರಲಿ. ಬ್ರೆಜಿಲ್‌ನ ದಕ್ಷಿಣದವರು ಮೂಗು ಮುರಿಯುವ ಈ ಸೊಪ್ಪು ಈಶಾನ್ಯದ ಅಡುಗೆಮನೆಯ ಗುರುತು. ಗರಂ ಮಸಾಲೆ, ಸಾಂಬಾರ್ ಪುಡಿ, ಒಗ್ಗರಣೆ ಬೇಡ. ಒಮ್ಮೆಯಾದರೂ ಹಾಗೆಯೇ ತಿಂದು ನೋಡಿ, ಕಾಳಿನ ಮಾತು ಕೇಳಿಸುತ್ತದೆ.

ಇದು ಫೇಜುವಾದಾ ಅಲ್ಲವೇ?

ಅಲ್ಲ. ಫೇಜುವಾದಾ ಕಪ್ಪು ಬೀನ್ಸ್ ಮತ್ತು ಹಂದಿಮಾಂಸದ ಗಟ್ಟಿ ಸಾರು, ಅನ್ನವನ್ನು ಬೇರೆಯೇ ಬೇಯಿಸಿ ಜೊತೆಗೆ ಬಡಿಸುತ್ತಾರೆ.

ಹಾಗಾದರೆ ನಮ್ಮ ಬಿಸಿಬೇಳೆಬಾತ್ ಅಥವಾ ಹುಗ್ಗಿಯ ಹಾಗೆಯೇ?

ಹುಗ್ಗಿಗೆ ಹತ್ತಿರ, ಬಿಸಿಬೇಳೆಬಾತ್‌ಗೆ ದೂರ. ಹುಗ್ಗಿಯಲ್ಲಿ ಬೇಳೆ ಕರಗಿ ಅನ್ನದಲ್ಲಿ ಮರೆಯಾಗುತ್ತದೆ. ಇಲ್ಲಿ ಪ್ರತಿ ಕಾಳೂ ಇಡಿಯಾಗಿ ಬಾಯಿಗೆ ಸಿಗಬೇಕು. ತತ್ವ ಮಾತ್ರ ಒಂದೇ. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆ ಹೆಸರುಗಳು ಹುಟ್ಟುವ ಮೊದಲೇ ಎರಡು ಖಂಡಗಳ ತಾಯಂದಿರು ಇದನ್ನು ಪಾತ್ರೆಯಲ್ಲಿ ಕಂಡುಕೊಂಡಿದ್ದರು.

ಇದು ಬಡವರ ಅಡುಗೆ ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಆ ಮಾತನ್ನು ಅಲ್ಲಿಯವರು ಗೌರವದಿಂದಲೇ ಹೇಳುತ್ತಾರೆ. ಸಿಯಾರಾದ ಒಳನಾಡಿಗೆ ಸೆರ್ತಾಂವ್ ಎಂದು ಹೆಸರು. ಮುಳ್ಳು ಕುರುಚಲಿನ ಒಣ ಸೀಮೆ. ಮಳೆ ಬರುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇ ತನಕ, ಕೆಲವು ವರ್ಷ ಅದೂ ಇಲ್ಲ. ಮಾರ್ಚ್ 19 ಸಂತ ಜೋಸೆಫರ ದಿನ. ಅಂದು ಮಳೆ ಬಿದ್ದರೆ ಬೆಳೆ ಬಂದೀತು ಎಂದು ರೈತರು ಇಂದಿಗೂ ಆಕಾಶ ನೋಡುತ್ತಾರೆ. 1877ರಿಂದ 1879ರವರೆಗಿನ ಬರದಲ್ಲಿ ಲಕ್ಷಾಂತರ ಜನ ಹಸಿವಿನಿಂದ, ರೋಗದಿಂದ ಸತ್ತರು. 1915ರಲ್ಲಿ ಮತ್ತು 1932ರಲ್ಲಿ, ಬರಗಾಲದ ಜನ ಫೋರ್ಟಲೇಜಾಗೆ ನುಗ್ಗದಂತೆ ಸರ್ಕಾರವೇ ಶಿಬಿರಗಳನ್ನು ಕಟ್ಟಿ ಅವರನ್ನು ಅದರೊಳಗೆ ಕೂಡಿಹಾಕಿತು.

ಇಂತಹ ಸೀಮೆಯಲ್ಲಿ ಹಿಡಿ ಅಕ್ಕಿ, ಹಿಡಿ ಕಾಳು ಸೇರಿಸಿ ಇಬ್ಬರ ಊಟವನ್ನು ನಾಲ್ವರಿಗೆ ಎಟುಕಿಸುವುದು, ಕಟ್ಟಿನ ಒಂದು ಹನಿಯನ್ನೂ ನೆಲಕ್ಕೆ ಬಿಡದಿರುವುದು ಬದುಕುವ ದಾರಿಯಾಗಿತ್ತು. ಆ ಒಡತಿಯ ಕೈ ನನ್ನ ಮಣಿಕಟ್ಟನ್ನು ಅಷ್ಟು ಬಿಗಿಯಾಗಿ ಏಕೆ ಹಿಡಿಯಿತು ಎಂಬುದು ನನಗೆ ಅರ್ಥವಾದದ್ದು ಈ ಇತಿಹಾಸ ತಿಳಿದ ಮೇಲೆ. ಆದ್ದರಿಂದ ಯಾರಾದರೂ ಇದನ್ನು 'ಬರೀ ಕಾಳು ಅನ್ನ' ಎಂದಾಗ ನನಗೆ ನೋವಾಗುತ್ತದೆ.

ಜೊತೆಗೆ ಏನು ಬಡಿಸಬೇಕು?

ಬೇಯಿಸಿದ ಮರಗೆಣಸು, ಮೇಲೊಂದಿಷ್ಟು ತುಪ್ಪ. ಅಲ್ಲಿ ಅದನ್ನು ಮಕಶೇರಾ ಎನ್ನುತ್ತಾರೆ. ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದ ಫರೋಫಾ ಇದ್ದರೆ ಇನ್ನೂ ಚೆಂದ. ಟೊಮೆಟೊ, ಈರುಳ್ಳಿಗೆ ನಿಂಬೆರಸ ಹಿಂಡಿದ ಕೋಸಂಬರಿಯಂಥದ್ದು ಸಾಕಾಗುತ್ತದೆ.

ಕುಕ್ಕರ್‌ನಲ್ಲಿ ಮಾಡಬಹುದೇ?

ಕಾಳಿಗೆ ಮಾತ್ರ. ನೆನೆದ ಕಾಳಿಗೆ ಒಂದು ಕೂಗು, ಹಳೆಯ ಕಾಳಾದರೆ ಎರಡು. ಬ್ರೆಜಿಲ್ ಮನೆಗಳಲ್ಲೂ ಕಾಳಿಗೆ ಕುಕ್ಕರ್ ಇದ್ದೇ ಇರುತ್ತದೆ. ಅಕ್ಕಿ ಸೇರಿದ ಮೇಲೆ ಸಾಮಾನ್ಯ ಪಾತ್ರೆಯೇ ಆಗಬೇಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ.

ಎಷ್ಟು ಬೇಯಿಸಿದರೂ ಕಾಳು ಗಟ್ಟಿಯಾಗಿಯೇ ಉಳಿಯಿತು. ಏಕೆ?

ಮೂರು ಕಾರಣ ಇರಬಹುದು. ಕಾಳು ವರ್ಷಗಟ್ಟಲೆ ಹಳೆಯದು. ಬೋರ್‌ವೆಲ್‌ನ ಗಡುಸು ನೀರು. ಅಥವಾ ಕಾಳು ಬೇಯುವ ಮೊದಲೇ ಟೊಮೆಟೊ ಹಾಕಿದಿರಿ. ಹುಳಿ ಬಿದ್ದರೆ ಸಿಪ್ಪೆ ಮೆತ್ತಗಾಗುವುದಿಲ್ಲ. ಟೊಮೆಟೊ ಯಾವಾಗಲೂ ಎರಡನೆಯ ಹಂತದಲ್ಲಿ.

ಉಳಿದರೆ ಮರುದಿನಕ್ಕೆ ಇಡಬಹುದೇ?

ಇಡಬಹುದು, ಆದರೆ ಬೆಂದ ಅನ್ನವನ್ನು ಸೆಕೆಯಲ್ಲಿ ರಾತ್ರಿಯಿಡೀ ಹೊರಗೆ ಬಿಡಬೇಡಿ. ಎರಡು ಗಂಟೆಯೊಳಗೆ ಆರಿಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಕಬ್ಬಿಣದ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಕಾಯಿಸಿ, ಉಳಿದದ್ದನ್ನು ಹರಡಿ ಒತ್ತಿ, ತಳ ಹೊಂಬಣ್ಣಕ್ಕೆ ಬಂದು ಗರಿಯಾಗುವವರೆಗೆ ಬಿಡಿ. ಚೀಸ್ ತುಂಡುಗಳು ಅಂಚಿನಲ್ಲಿ ಕೆಂಪಗಾಗಿ ಕಿರ್ ಎನ್ನುತ್ತವೆ. ನಮ್ಮ ಮನೆಯಲ್ಲಿ ಮಕ್ಕಳು ಕೇಳುವುದು ಇದನ್ನೇ. ಅದಕ್ಕೆಂದೇ ಈಗ ಹಿಂದಿನ ದಿನ ಅರ್ಧ ಲೋಟ ಅಕ್ಕಿ ಹೆಚ್ಚಿಗೆ ಹಾಕುತ್ತೇನೆ.